ಉಪ್ಪಿನ ಮಂಡಿ

ಗ್ರಿಮ್ಸ್‌ಬಿಯ ಮೀನುಬಂದರಿನ ಹಿಂದೆ, ಹಳೆಯ ಚಾಪೆಲ್ಲಿನಲ್ಲಿ
ಗುರುವಾರದ ಸಿನಿಮಾ. ಟಿಕೇಟು ನಾಲ್ಕು ಪೌಂಡು, ಚಹಾ ಸೇರಿ.
ಇವತ್ತು ಸ್ಪೇನಿನದು, ಕಪ್ಪು ಬಿಳುಪು.
ಕೆಳಗಿನ ಇಂಗ್ಲಿಷ್ ಸಾಲು ಓದುವಷ್ಟರಲ್ಲಿ
ಮೇಲಿನ ಮುಖ ತಿರುಗಿಬಿಡುತ್ತದೆ.

ಕತೆ ಇಷ್ಟೆ:
ಅಪ್ಪ ಸತ್ತ ಹುಡುಗಿ ಕಾಸಿಲ್ದಾ, ಅಪ್ಪ ಬಿಟ್ಟ ಉಪ್ಪಿನ ಮಂಡಿ,
ಎರಡಕ್ಕೂ ಕಾವಲು ದೊನ್ ಅನ್ಸೆಲ್ಮೊ.
ಮಂಡಿಯ ಬೀಗದ ಕೈ ಅವನ ಸೊಂಟದಲ್ಲಿ;
ಊಟಕ್ಕೆ ಕೂತರೆ ಮೊದಲು ಕೇಳುವುದು ಅದು ಮೇಜಿಗೆ ತಾಗಿದ ಸದ್ದು.
ಅವಳ ಮದುವೆಯ ಮಾತು ಬಂದಾಗಲೆಲ್ಲ ಅವನಿಗೆ ಕೆಮ್ಮು.
ಆಮೇಲೆ ಕಣ್ಣು ಹೋಗುತ್ತದೆ.
ಬಂದ ಕಾಗದಗಳನ್ನು ಅವಳೇ ಓದಿ ಹೇಳಬೇಕು.
ಓದುತ್ತಾಳೆ. ಬರೆದದ್ದನ್ನಲ್ಲ,
ಬರೆಯದೇ ಇದ್ದದ್ದನ್ನು, ಮೆತ್ತನೆಯ ದನಿಯಲ್ಲಿ,
ಸಾಲಗಾರರು ಬಾಗಿಲು ಬಡಿಯುವ ತನಕ.

ದೀಪ ಹತ್ತಿತು. ಕುರ್ಚಿಗಳನ್ನು ದುಂಡಗೆ ಎಳೆದುಕೊಂಡರು.

ಡೆರೆಕ್, ನಲವತ್ತು ವರ್ಷ ಟ್ರಾಲರಿನ ಎಂಜಿನ್ನು ನೋಡಿಕೊಂಡವನು:
'ಏನೇ ಆಗಲಿ, ಮುದುಕ ಅನ್ನ ಹಾಕಿದ್ದನಲ್ಲ.'
'ಯಾರ ಅನ್ನ?' ಅಂದಳು ಒಮೊಲಾರಾ, ರಾತ್ರಿಪಾಳಿಗೆ ಹೊರಟ ನರ್ಸು,
ಕೋಟಿನ ಒಂದು ತೋಳು ಹಾಕಿ ಇನ್ನೊಂದನ್ನು ಮರೆತು.
'ಕುರುಡರಿಗೆ ಸುಳ್ಳು ಓದಬಾರದು. ನಾನಾಗಿದ್ದರೂ ಓದುತ್ತಿದ್ದೆ.'
ಮಿಸೆಸ್ ಹ್ಯಾಲ್ಡೇನ್ ಒಂದು ಕಾಲಕ್ಕೆ ವಕೀಲೆ:
'ಅವನು ಕದ್ದ ಒಂದು ದೃಶ್ಯ ತೋರಿಸಿ ನೋಡೋಣ.
ಇಲ್ಲ. ಅದೇ ನನಗೆ ಹೆದರಿಕೆ.'
ಹಿಂದಿನ ಸಾಲಿನ ಹುಡುಗ, ಬಹಳ ಉದ್ದವಾಯ್ತು ಎಂದ.
ಬಿಸ್ಕೀಟು ಮುಗಿದಿತ್ತು.

'ನಿಮಗೆ?' ಎಂದು ನನ್ನ ಕಡೆ ತಿರುಗಿದರು.
ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ನಾಲಗೆಯ ತುದಿಗೆ ಬಂತು.
ನುಂಗಿಕೊಂಡೆ. ನಮ್ಮ ಬೇಲಿ ಮೇದಿರಲಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿ, ಅಪ್ಪನದು.
'ಮೈನರ್ ಗಾರ್ಡಿಯನ್ ಚಿಕ್ಕಪ್ಪ', ಛಾಪಾ ಕಾಗದದ ಮೇಲೆ.
ನನಗೆ ಹದಿನೆಂಟು ತುಂಬಿದ ಬೆಳಿಗ್ಗೆ ಪೈಸೆಗೆ ಪೈಸೆ ಒಪ್ಪಿಸಿದ,
ಜತೆಗೆ ಕೆಂಪು ರಟ್ಟಿನ ಲೆಕ್ಕದ ಪುಸ್ತಕ:
ರಿಬ್ಬನ್ನು, ಎಪ್ಪತ್ತೈದು ಪೈಸೆ. ಜ್ವರದ ಔಷಧಿ, ಮೂರು ರೂಪಾಯಿ.
ಅತ್ತದ್ದಕ್ಕೆ ಕೊಡಿಸಿದ ಬೆಣ್ಣೆ ದೋಸೆ, ಒಂದು.
ಓಣಿಯೆಲ್ಲ ಅವನಿಗೆ ಕೈ ಮುಗಿಯಿತು.
ನಾನೂ ಮುಗಿದೆ. ಆ ದೋಸೆಯನ್ನು
ಅಲ್ಲಿಯ ತನಕ ಪ್ರೀತಿ ಅಂದುಕೊಂಡಿದ್ದೆ.

'ಉಪ್ಪು ಚೆನ್ನಾಗಿ ಹೊಳೆಯುತ್ತಿತ್ತು' ಅಂದೆ.
ಏನೋ ಆಳವಾದದ್ದು ಹೇಳಿದೆನೆಂಬಂತೆ ತಲೆದೂಗಿದರು.

ಮನೆಗೆ ಬಂದಾಗ ಔಸ್ಟೇಯಾ ಎದ್ದೇ ಇದ್ದಳು. ಹದಿನೇಳು.
ಮೀನು ಕಾರ್ಖಾನೆಯಲ್ಲಿ ನನ್ನ ಪಕ್ಕ ನಿಂತು
ಕಾಡ್ ಮೀನಿನ ಮುಳ್ಳು ಬಿಡಿಸುತ್ತಿದ್ದ ಯುರ್ಗಿತಾಳ ಮಗಳು.
ಯುರ್ಗಿತಾ ಹೋದ ಮೇಲೆ ಕೋರ್ಟು
ನನ್ನ ಹೆಸರಿನ ಮುಂದೆ ಅದೇ ಪದ ಬರೆಯಿತು.
'ಕೊನೆಗೆ ಗೆದ್ದವರು ಯಾರು?' ಎಂದಳು, ಟೋಸ್ಟು ಕಡಿಯುತ್ತ.

ಹೇಳಬಹುದಿತ್ತು. ಬದಲಿಗೆ ಅಡುಗೆಮನೆಯ ಕೆಳಗಿನ ಡ್ರಾಯರು ಎಳೆದೆ.
ಕೌನ್ಸಿಲ್ಲಿನವರು ಕೇಳಿದರೆ ಇರಲಿ ಎಂದು ಮೂರು ವರ್ಷದಿಂದ ಬರೆದದ್ದು.
ನೀಲಿ ರಟ್ಟು. ಬಣ್ಣವನ್ನಾದರೂ ಬೇರೆ ಆರಿಸಿದ್ದೆ.
ಕೌನ್ಸಿಲ್ಲಿನಲ್ಲಿ ಕನ್ನಡ ಓದುವವರು ಯಾರೆಂದು
ಒಂದು ದಿನವೂ ಯೋಚಿಸಿರಲಿಲ್ಲ.

'ಇದು ನಿಂದು. ಓದು.'
'ನಿನ್ನ ಜಿಲೇಬಿ ಅಕ್ಷರ' ಅಂದಳು. 'ನೀನೇ ಓದು.'

ಮೊದಲ ಸಾಲು: ಚಳಿಗಾಲದ ಬೂಟು, ೪೨ ಪೌಂಡು.
ಓದಿದೆ: 'ಅವತ್ತು ಹಿಮ ಬಿದ್ದಿತ್ತು. ಹೊಸ ಬೂಟು ಹಾಕಿಕೊಂಡು
ನೀನು ಸಮುದ್ರದ ತನಕ ಒಬ್ಬಳೇ ನಡೆದುಹೋದೆ.'
ದನಿ ಮೆತ್ತಗಿತ್ತು.
ಎಷ್ಟು ಮೆತ್ತಗೆ, ನನಗೇ ಕೇಳಿಸಿತು.

ಅವಳು ತಟ್ಟೆ ಸರಿಸಿ, ಬಗ್ಗಿ,
ಬೆಣ್ಣೆ ಹತ್ತಿದ ಬೆರಳನ್ನು ೪೨ರ ಮೇಲಿಟ್ಟು
'ಇದೇನು?' ಎಂದಳು.