ಕುಸಿತದ ಅಳತೆ

ಆದೇಶ ಬಂದದ್ದು ಸೋಮವಾರ ಸಂಜೆ, ಒಂದೇ ಹಾಳೆ.
ಶಿರಿಯಾ ಹೊಳೆಯ ಸೇತುವೆಗೆ ಇನ್ನು ನಾನೇ ಹೊಣೆ.
ಸಂಬಳ ಏಳು ಸಾವಿರ ಜಾಸ್ತಿ, ಹೆಲ್ಮೆಟ್ಟು ಹಳದಿಯಿಂದ ಬಿಳಿ,
ಜೊತೆಗೆ ಆಫೀಸಿನ ಕಪಾಟಿನ ಬೀಗದಕೈ.
ಮರುದಿನ ಬೆಳಿಗ್ಗೆ ಫೋರ್‌ಮನ್ ಅಂಬಾಡಿಯೇಟ್ಟ,
ಆರು ವರ್ಷ "ಮೋಳೇ" ಎಂದು ಕರೆದವರು,
ಚಾ ಗ್ಲಾಸು ಚಾಚಿ "ಮೇಡಂ" ಅಂದರು.
ಚಾ ಅದೇ. ಸಕ್ಕರೆಯೂ ಅಷ್ಟೇ.
ಕುಡಿಯಲು ಮಾತ್ರ ಹೊತ್ತು ಹಿಡಿಯಿತು.

ಕೋನ್ ಹಿಡಿಯಲು ಕಲಿಸಿದವರು ಅವರು.
ಅದರ ಎರಡು ಕಿವಿಗಳ ಮೇಲೆ ಪಾದ ಊರಿ ನಿಲ್ಲು.
ಮೂರು ಪದರ, ಪದರಕ್ಕೆ ಇಪ್ಪತ್ತೈದು ಕುಟ್ಟು.
ಆಮೇಲೆ ನೇರ ಎತ್ತು, ತಿರುಚಬೇಡ.
ಅಚ್ಚು ತೆಗೆದ ಮೇಲೆ ಕಾಂಕ್ರೀಟು
ಎಷ್ಟು ಕುಸಿಯುತ್ತದೋ ಅದೇ ಅದರ ಜಾತಕ.
ಸೆಟೆದು ನಿಂತರೆ ಕಂಬಿಗಳ ನಡುವೆ ಇಳಿಯುವುದಿಲ್ಲ,
ಗಂಜಿಯಾದರೆ ಭಾರ ಹೊರುವುದಿಲ್ಲ.

ಇಲ್ಲಿ ಕೆಲಸ ಮಾಡಿಸಲು ನಾಲ್ಕು ಭಾಷೆ ಬೇಕು.
ಅಂಬಾಡಿಯೇಟ್ಟನಿಗೆ ಮಲಯಾಳ, ಬಡಗಿ ಐತಪ್ಪನಿಗೆ ತುಳು,
ಮುರ್ಷಿದಾಬಾದಿನ ಹುಡುಗರಿಗೆ ನನ್ನ ಮುರುಕು ಹಿಂದಿ.
ಕನ್ನಡ ಎಣಿಸುವುದಕ್ಕೆ. ಕಂಬಿ, ಚೀಲ, ಕುಟ್ಟು.
ಬೇಳದ ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಗ್ಗಿ
ಬೇರೆ ಭಾಷೆಯಲ್ಲಿ ತಪ್ಪಿಹೋಗುತ್ತದೆ.

ಬುಧವಾರ ಹುಡುಗರು ಏನೋ ಹೇಳಿ ನಗುತ್ತಿದ್ದರು.
ನಾನು ಹತ್ತಿರ ಹೋದೆ.
ನಗು ಹೆಲ್ಮೆಟ್ಟು ಹಾಕಿಕೊಂಡಿತು.

ಗುರುವಾರ ರಾತ್ರಿ, ಐದನೆಯ ಕಂಬದ ತಲೆಗೆ ಕಾಂಕ್ರೀಟು.
ಐದು ಲಾರಿ ಹೊತ್ತಿಗೆ ಸರಿಯಾಗಿ ಬಂದವು. ಆರನೆಯದು
ಕುಂಬಳೆಯಲ್ಲಿ ಯಾವುದೋ ಮೆರವಣಿಗೆಗೆ ಸಿಕ್ಕಿ
ಮೂರು ಗಂಟೆ ಹೊಟ್ಟೆ ತಿರುಗಿಸುತ್ತ ನಿಂತು
ಒಂದೂವರೆಗೆ ಬಂದು ಮುಟ್ಟಿತು.
ಕೋನ್ ನಾನೇ ಹಿಡಿದೆ. ಎಪ್ಪತ್ತೈದು ಕುಟ್ಟು, ಕನ್ನಡದಲ್ಲಿ.
ಎತ್ತಿದೆ, ನೇರ.
ಅದು ಕುಸಿಯಲಿಲ್ಲ, ಹರಿಯಿತು,
ನನ್ನ ಬೂಟಿನ ತನಕ.
ದಾರಿಯಲ್ಲಿ ಯಾರೋ ಅದಕ್ಕೆ ನೀರು ಕುಡಿಸಿದ್ದರು.

ಡ್ರೈವರ್ ತಾಯಿಯಾಣೆ ಹಾಕಿದ.
ಹೈದರಾಬಾದಿನಿಂದ ಫೋನು: ಅಡ್ಜಸ್ಟ್ ಮಾಡಿ,
ಒಂದೇ ಲಾರಿ ತಾನೇ, ಒಳಗೆ ಬೆರೆತುಹೋಗುತ್ತದೆ.
ಅಂಬಾಡಿಯೇಟ್ಟ ಹೊಳೆಯ ಕಡೆ ನೋಡುತ್ತಿದ್ದರು.
ಹಿಂದೆಲ್ಲ ಇಂಥ ಹೊತ್ತಿನಲ್ಲಿ
ನಾನು ಅವರ ಮುಖ ನೋಡುತ್ತಿದ್ದೆ.
ಈಗ ಹತ್ತೊಂಬತ್ತು ಮಂದಿ ನನ್ನ ಮುಖ ನೋಡುತ್ತಿದ್ದಾರೆ.
ಅದರಲ್ಲಿ ಏನಿದೆಯೋ ನನಗೆ ಕಾಣದು.

ವೇಂಡ ಅನ್ನಬಹುದಿತ್ತು. ಬೊಡ್ಚಿ. ನಹೀಂ.
ಬಾಯಿಗೆ ಬಂದದ್ದು "ಬೇಡ."
ಫೋನಿಗೆ ಅಂದದ್ದೋ ಲಾರಿಗೆ ಅಂದದ್ದೋ,
ಎರಡಕ್ಕೂ ಅರ್ಥವಾಯಿತು.

ಲಾರಿ ತಿರುಗಿ ಹೋಯಿತು, ಬೈಯುತ್ತ.
ಅರ್ಧ ತುಂಬಿದ ಕಂಬ ಬಾಯಿ ತೆರೆದುಕೊಂಡೇ ಇತ್ತು.
ಇನ್ನೊಂದು ಲಾರಿ ಬರುವ ಮೊದಲು ಇದು ಬಿಗಿದರೆ
ನಡುವೆ ಗೆರೆ ಬೀಳುತ್ತದೆ, ಆ ಗೆರೆ ನನ್ನದು.
ಒದ್ದೆ ಗೋಣಿ ಹೊದಿಸಿದೆವು.
ಯಾರೂ ಹೇಳದೆ ಅಂಬಾಡಿಯೇಟ್ಟ ಮೇಲೆ ಹತ್ತಿ
ಹತ್ತು ನಿಮಿಷಕ್ಕೊಮ್ಮೆ ಕಂಬಿ ಚುಚ್ಚಿ ನೋಡಿ
ಕೆಳಗೆ ನಿಂತ ನನಗೆ ಕೂಗುತ್ತಿದ್ದರು,
ಅವರ ಕೊರಕು ಕನ್ನಡದಲ್ಲಿ:
"ಉಂಟು. ಜೀವ ಉಂಟು."
ಮತ್ತೆ: "ಉಂಟು."
ಆಮೇಲೆ ತುಸು ತಡೆದು: "...ಉಂಟು."

ಎರಡು ನಲವತ್ತಕ್ಕೆ ಲಾರಿಯ ದೀಪ ಕಂಡಿತು.
ಕೋನ್ ಎತ್ತಿದೆ. ನೂರಿಪ್ಪತ್ತು ಮಿಲಿಮೀಟರ್.
ಹುಡುಗರಲ್ಲಿ ಒಬ್ಬ ಸೀಟಿ ಹೊಡೆದ. ನಾನು ಗದರಲಿಲ್ಲ.

ಬೆಳಗಿನ ಜಾವ ಕಾರ್ಡು ತುಂಬಿಸಿದೆ.
"ತಯಾರಿಸಿದವರು" ಎಂಬಲ್ಲಿ ಹೊಸ ಹುಡುಗ ಸಹಿ ಹಾಕಿದ.
"ಪರಿಶೀಲಿಸಿದವರು" ಎಂಬಲ್ಲಿ ನನ್ನ ಪೆನ್ನು
ಅಭ್ಯಾಸಬಲದಿಂದ ಮೇಲಿನ ಸಾಲಿಗೇ ಹೋಗಿ, ಇಳಿದು ಬಂತು.
ಆರು ಕ್ಯೂಬುಗಳು ತೊಟ್ಟಿಯ ನೀರಿಗೆ ಹೋದವು.
ಇಪ್ಪತ್ತೆಂಟು ದಿನ ಕಳೆದು ಒಡೆದು ನೋಡಬೇಕು.

ಅಂಬಾಡಿಯೇಟ್ಟ ಬೀಡಿ ಹಚ್ಚಿ
"ಮೇಡಂ, ನಾನಾಗಿದ್ದರೆ ನಿನ್ನೆ" ಅಂದರು.
ಮುಗಿಸಲಿಲ್ಲ. ನಾನೂ ಕೇಳಲಿಲ್ಲ.
ಅವರು ನೋಡುತ್ತಿದ್ದದ್ದು ಮೂರನೆಯ ಕಂಬವನ್ನು.

ಅದರ ಕಾರ್ಡು ಆಫೀಸಿನ ಕಪಾಟಿನಲ್ಲಿದೆ.
ತಯಾರಿಸಿದವರು: ನನ್ನ ಹೆಸರು.
ಬೀಗದಕೈಯೂ ನನ್ನ ಕಿಸೆಯಲ್ಲೇ ಇದೆ.