ಐದನೆಯ ನೀರು

ಮಂಗಳವಾರ, ಗಾಳಿ ಇಲ್ಲ. ಕಿಟಕಿ ತೆರೆಯಬಹುದು.
ಮೊಯ್ನಾಕಿನ ಶಾಲೆ, ಒಂಬತ್ತನೇ ತರಗತಿ,
ಹನ್ನೊಂದು ಮಕ್ಕಳಿಗೆ ಒಂದು ಸ್ಪಿರಿಟ್ ದೀಪ,
ಅಂಚು ಒಡೆದ ಒಂದು ಪ್ರನಾಳ,
ಅದರ ತಳದಲ್ಲಿ ಚಿಟಿಕೆ ಮೈಲುತುತ್ತ.
ಊರಿನಲ್ಲಿ ಉಳಿದ ಅಪ್ಪಟ ನೀಲಿ ಇದೊಂದೇ ಎಂದು
ತಮಾಷೆ ಮಾಡುತ್ತೇನೆ. ಯಾರೂ ನಗುವುದಿಲ್ಲ.
ಕಡಲನ್ನು ಇವರು ಕಂಡವರಲ್ಲ.

ಕಾಗದದ ಮೇಲೆ ಉಜ್ಜಿ ನೋಡು, ಜಲ್ಗಾಸ್. ಒದ್ದೆಯೆ?
ಇಲ್ಲ ಟೀಚರ್, ಒಣಕಲು.
ಆ ಒಣಕಲಿನೊಳಗೆ ಐದು ನೀರಿದೆ ಎಂದು
ಹಲಗೆಯ ಮೇಲೆ ಬರೆಯುತ್ತೇನೆ:
ಉಪ್ಪು, ಒಂದು ಚುಕ್ಕಿ, ಆಮೇಲೆ ನೀರು.
ಚುಕ್ಕಿ ಅಂದರೆ ಗುಣಾಕಾರವೆ, ಸಲ್ತನತ್ ಕೇಳುತ್ತಾಳೆ.
ಅಲ್ಲ. ಕೂಡಿಸಿದ್ದೂ ಅಲ್ಲ.
ಒಂದೇ ಸೂರು, ಒಲೆ ಬೇರೆ ಬೇರೆ,
ಹಾಗೆ ಅಂದುಕೋ.

ದೀಪ ಹತ್ತಿತು. ಪ್ರನಾಳದ ಕೊರಳಲ್ಲಿ ಬೆವರು.
ಎರಡು ನೀರು ಹೋದವು, ಬೆನ್ನಿಗೇ ಮತ್ತೆರಡು.
ನೀಲಿ ಮಾಸುತ್ತ ಬಂತು, ಒಗೆದೊಗೆದ ಅಂಗಿಯ ಹಾಗೆ.
ಐದನೆಯದು ಮಾತ್ರ ಜಪ್ಪಯ್ಯ ಅಂದರೂ ಏಳದು.
ತಾಮ್ರದ ಕೈ ಹಿಡಿದದ್ದೂ ಅಲ್ಲ ಅದು,
ಸಂದಿಯಲ್ಲಿ ಸಿಕ್ಕಿಕೊಂಡದ್ದು. ಆದರೂ
ಇನ್ನೂರು ಡಿಗ್ರಿ ದಾಟಿದ ಮೇಲೇ ಅದರ ಪ್ರಯಾಣ.
ಉಳಿದದ್ದು ಬಿಳಿ ಹಿಟ್ಟು,
ಹೊರಗೆ ಬಯಲಿನಲ್ಲಿ ಹಾರುತ್ತದಲ್ಲ, ಅಂಥದ್ದೇ.

ಅಂದು ರಾತ್ರಿ ಅವ್ವನಿಗೆ ಭೇದಿಯ ಮೂರನೇ ದಿನ.
ಅವ್ವನ ಹೆಸರು ಉಲ್ಬೋಸಿನ್. ಗಂಡಾಗಲಿ ಎಂದು ಅರ್ಥ.
ಐದನೆಯ ಹೆಣ್ಣಿಗೆ ಇಟ್ಟ ಹೆಸರು,
ದೇವರಿಗೆ ಕೊಟ್ಟ ಅರ್ಜಿಯ ಒಕ್ಕಣೆ.
ಅಕ್ಕಂದಿರು ಇಬ್ಬರು ಅಕ್ತಾವ್ ಸೇರಿದರು,
ಇಬ್ಬರು ಮಣ್ಣು ಸೇರಿದರು.
ಇವಳು, ಮೀನು ಡಬ್ಬಿಯ ಕಾರ್ಖಾನೆ ಮುಚ್ಚಿದ ಮೇಲೂ
ಮೂರು ವರ್ಷ ಬೆಳಗಿನ ಪಾಳಿಗೆಂದು ಐದಕ್ಕೇ ಎದ್ದವಳು.

ನರ್ಸ್ ಪೆರಿಜಾತ್ ಮುಂಗೈ ಚರ್ಮ ಹಿಡಿದು ಬಿಟ್ಟಳು.
ಅದು ಗುಡಾರದ ಹಾಗೆ ನಿಂತೇ ಇತ್ತು.
ಮುದುಕರ ಚರ್ಮ ಸುಳ್ಳು ಹೇಳುತ್ತೆ, ನಾಲಿಗೆ ತೋರಿಸು.
ನಾಲಿಗೆ ಸುಳ್ಳು ಹೇಳಲಿಲ್ಲ.
ಬರೀ ನೀರು ಸಾಲದು. ಕಾಯಿಸಿ ಆರಿಸಿದ ಒಂದು ಲೀಟರಿಗೆ
ಅರ್ಧ ಟೀಚಮಚ ಉಪ್ಪು, ಆರು ಸಕ್ಕರೆ, ಮಟ್ಟಸವಾಗಿ.

ಅವ್ವ ಗೋಡೆಗೆ ಮುಖ ಮಾಡಿದಳು.
ಉಪ್ಪೆ? ನಲವತ್ತು ವರ್ಷ ಉಸಿರಾಡಿದ್ದು ಅದನ್ನೇ.
ರೊಟ್ಟಿಯ ಮೇಲೆ ಅದು, ಹಸುವಿನ ಹಾಲಲ್ಲಿ ಅದು,
ತೊಟ್ಟಿಲ ಬಟ್ಟೆ ಕೊಡವಿದರೆ ಅದು.
ಇನ್ನು ಕುಡಿಯಲಿಕ್ಕೂ ಅದೇ ಬೇಕೆ?

ಉಪ್ಪು ತಿಂದವರು ನೀರು ಕುಡಿಯಲೇಬೇಕು,
ತಪ್ಪು ಮಾಡಿದವರಿಗೆ ಹೇಳುವ ಮಾತು ಅದು.
ಅವಳು ಏನು ತಪ್ಪು ಮಾಡಿದ್ದಳು?
ಇಲ್ಲಿ ಗಾದೆ ತಲೆಕೆಳಗು:
ನೀರು ಒಳಗಿಳಿಯಬೇಕಾದರೆ ಉಪ್ಪು ತಿನ್ನಲೇಬೇಕು.
ಕರಗಿದ ಉಪ್ಪು ಒಂಟಿಯಾಗಿ ನಡೆಯುವುದಿಲ್ಲ ಅವ್ವ,
ಕಣಕಣಕ್ಕೂ ನೀರಿನ ಹೊದಿಕೆ.
ಕರುಳಿನ ಹೊಸ್ತಿಲಲ್ಲಿ ಸಕ್ಕರೆ ಅದರ ಕೈ ಹಿಡಿಯುತ್ತದೆ,
ಜೋಡಿ ಒಳಗೆ ಹೋಗುತ್ತದೆ, ದಿಬ್ಬಣದ ಹಾಗೆ ಹಿಂದೆ ನೀರು.
ಪಾಠ ನಿಲ್ಲಿಸು, ಚಮಚ ಕೊಡು, ಅಂದಳು.

ಒಂದೊಂದೇ ಚಮಚ. ಎರಡು ಸಲ ವಾಂತಿ.
ಮತ್ತೆ ಮೊದಲಿನಿಂದ.
ಎಷ್ಟು ಚಮಚವಾಯಿತೆಂದು ಬೆಂಕಿಕಡ್ಡಿ ಇಟ್ಟು ಎಣಿಸಿದೆ,
ನಡುವೆ ನಿದ್ದೆ ಹೋಗಿ ಲೆಕ್ಕ ತಪ್ಪಿತು.
ಬೆಳಗಿನ ಜಾವ ಅವಳೇ ಎಬ್ಬಿಸಿದಳು:
ಕೈ ಹಿಡಿ, ಹೊರಗೆ ಹೋಗಬೇಕು.
ಒಂದೂವರೆ ದಿನದ ಮೇಲೆ ಮೊದಲ ಮೂತ್ರ.
ಕತ್ತಲಲ್ಲಿ ಆ ಸದ್ದು ಕೇಳುತ್ತ
ಗೋಡೆಗೊರಗಿ ಅತ್ತೆ.
ಏನೇ ಅದು ಎಂದು ಗದರಿದಳು. ಗದರುವಷ್ಟು ನೀರು ಬಂದಿತ್ತು.

ಬುಧವಾರ. ಮುಚ್ಚಳ ತೆಗೆದು ಬಿಳಿ ಹಿಟ್ಟಿಗೆ ಒಂದು ಹನಿ.
ಚುರ್ ಎಂದು ನೀಲಿ ಬಂತು, ಆದರೆ ಹರಳಾಗಿ ಅಲ್ಲ,
ಕಲಸಿದ ಹಿಟ್ಟಾಗಿ. ಪುಸ್ತಕದಲ್ಲಿ ಈ ಮಾತಿಲ್ಲ.
ಮೊದಲಿನ ನೀರೇನಾ ಟೀಚರ್, ಜಲ್ಗಾಸ್ ಕೇಳಿದ.
ಅದು ನಿನ್ನೆ ಕಿಟಕಿಯಿಂದ ಹೋಯಿತಲ್ಲ.
ಕಲ್ಲಿಗೆ ಗೊತ್ತಾಗುತ್ತಾ?

ಉತ್ತರಕ್ಕೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಸಲ್ತನತ್
ಪ್ರನಾಳದ ತಳ ಮುಟ್ಟಿ ಕೈ ಹಿಂದೆಳೆದುಕೊಂಡಳು.
ದೀಪ ಹಚ್ಚೇ ಇಲ್ಲ,
ಬಿಸಿ ಎಲ್ಲಿಂದ ಬಂತು?