ನಾಕಿಪ್ಪತ್ತು ಹತ್ತೊಂಬತ್ತು

ಕೂತ್ಕೊ ತೇಜಾವತಿ, ಸೂಟ್‌ಕೇಸು ಆಮೇಲೆ ತುಂಬು.
ಹನ್ನೊಂದು ದಿನ ಇದ್ದು ಬಂದವಳು ನಾನು ಲಿಯೋನಿನಲ್ಲಿ.
ಗೋಕುಲಂ ಮೂರನೇ ಸ್ಟೇಜಿನ ನನ್ನ ಮೆಸ್ಸಿಗೆ
ಯೋಗ ಮುಗಿಸಿ ಬೆವರೊರೆಸಿಕೊಂಡು ಇಡ್ಲಿಗೆ ಬರುತ್ತಿದ್ದ ಮತಿಲ್ದ್
ಟಿಕೆಟ್ಟು ಕಳಿಸಿದ್ದಳಲ್ಲ, ಆಗ.
ಹನ್ನೊಂದು ದಿನಕ್ಕೆ ಏನು ಮಹಾ ಗೊತ್ತಾಗುತ್ತೆ ಅನ್ನಬೇಡ,
ಪೆಟ್ಟು ತಿಂದದ್ದೆಲ್ಲ ಮೊದಲ ನಾಲ್ಕು ದಿನದಲ್ಲೇ.

ಅಂಗಡಿಗೆ ಕಾಲಿಟ್ಟ ಕೂಡಲೇ ಬೊಂಜೂರ್ ಅನ್ನು.
ಬ್ರೆಡ್ಡು ಎಷ್ಟು ಅಂತ ಆಮೇಲೆ.
ನನ್ನದು ದೇವರಾಜ ಮಾರ್ಕೆಟ್ಟಿನ ಅಭ್ಯಾಸ,
ನೇರ ರೇಟು ಕೇಳಿದೆ, ಬೆರಳು ಮಡಚಿ.
ಆ ಹೆಂಗಸು ನೋಡುತ್ತ ನಿಂತಳು,
ಚಪ್ಪಲಿ ಕಾಲಲ್ಲೇ ಹೊಸಿಲು ದಾಟಿದವರನ್ನು
ನಮ್ಮತ್ತೆ ನೋಡುತ್ತಿದ್ದ ಹಾಗೆ.
ಕೊನೆಗೆ ಅವಳೇ ಅಂದಳು, ಬೊಂಜೂರ್,
ಒಂದೊಂದು ಅಕ್ಷರವನ್ನೂ ಒತ್ತಿ.
ಅದು ಬರೀ ನಮಸ್ಕಾರ ಅಲ್ಲ ಕಣೆ, ಕದ ತಟ್ಟೋದು.

ಹಣ್ಣು ಒತ್ತಿ ನೋಡಬೇಡ. ತೋರಿಸು ಸಾಕು.
ಇವತ್ತು ತಿನ್ನೋಕಾ, ನಾಳೆಗಾ
ಅಂತ ಕೇಳಿ ಅವನೇ ಆರಿಸಿ ಕೊಡ್ತಾನೆ.

ಮಂಡ್ಯದವರು ನಾವು, ದೇವರಿಗೂ ನೀನು.
ಅಲ್ಲಿ ಟ್ರಾಮು ಓಡಿಸೋ ಹುಡುಗನಿಗೂ ನೀವು.
ಅವರಾಗಿ ನೀನು ಅನ್ನೋ ತನಕ ಕಾಯಿ.
ಕೆಲವರು ಅನ್ನೋದೇ ಇಲ್ಲ, ಅದಕ್ಕೆ ಬೇಜಾರಾಗಬೇಡ.

ಮಾತಿನ ಕೊನೇ ಅಕ್ಷರ ನುಂಗಿಬಿಡ್ತಾರೆ.
ನಾವೋ, ಇಲ್ಲದ ಬಾಲ ಅಂಟಿಸೋರು,
ಬಸ್ಸು, ಕಾರು, ಸೋಪು.
ಅಲ್ಲಿಗೆ ಹೋದಾಗ ಬಾಲ ಇಲ್ಲೇ ಬಿಟ್ಟು ಹೋಗು.
ಉಪ್ಪುನೀರು ಮುಕ್ಕಳಿಸೋ ಹಾಗೆ ಅವರ ರಕಾರ.
ಮೂಗಿನದು ನಮಗೆ ಕಷ್ಟ ಇಲ್ಲ, ಸೊನ್ನೆ ಇದೆ.

ಎಣಿಕೆಗೆ ಹೆದರಬೇಡ. ಅರವತ್ತರ ತನಕ ನೆಟ್ಟಗೆ.
ಎಪ್ಪತ್ತಕ್ಕೆ ಅರವತ್ತು-ಹತ್ತು ಅಂತಾರೆ,
ಎಂಬತ್ತಕ್ಕೆ ನಾಕಿಪ್ಪತ್ತು,
ತೊಂಬತ್ತೊಂಬತ್ತು ಬಂತೋ, ನಾಕಿಪ್ಪತ್ತು ಹತ್ತೊಂಬತ್ತು.
ಚೀಸಿನಂಗಡಿಯಲ್ಲಿ ಇದನ್ನು ಕೇಳಿ
ನಗು ಬಂತು, ಆಮೇಲೆ ಗಂಟಲು ಕಟ್ಟಿತು.
ಪಾಂಡವಪುರದ ಸಂತೆಯಲ್ಲಿ ನಮ್ಮಜ್ಜಿ
ಕೋಳಿಮೊಟ್ಟೆ ಎಣಿಸುತ್ತಿದ್ದದ್ದು ಹೀಗೇ,
ಇಪ್ಪತ್ತಿಪ್ಪತ್ತು ಗುಡ್ಡೆ ಹಾಕಿ, ನಾಕಿಪ್ಪತ್ತು, ಮೇಲೆ ಮೂರು.
ಸ್ಕೂಲಿಗೆ ಹೋಗೋ ನಾವು ಕಿಸಕ್ಕನೆ ನಗುತ್ತಿದ್ದೆವು
ಅಜ್ಜಿಗೆ ಎಂಬತ್ತು ಬರಲ್ಲ ಅಂತ.

ಅವಳಿಗೆ ಊರಿನ ಹೆಸರೂ ಕೊನೇವರೆಗೆ ಪಿರಂಚಿರಾಕು.
ಫ್ರೆಂಚರ ದಂಡು ಇಳಿದಿತ್ತಂತೆ ಆ ಬಂಡೆ ಬುಡದಲ್ಲಿ.
ಯೋಚನೆ ಮಾಡು, ರಾಗಿ ಕೊಳ್ಳೋಕೆ ಬಂದ ಮೊದಲ ಸಿಪಾಯಿ
ಏನಂತ ಮಾತು ತೆಗೆದನೋ,
ನಮ್ಮ ಕಡೆಯವಳು ಸೊಂಟದ ಮೇಲೆ ಕೈಯಿಟ್ಟು
ಹೇಗೆ ನೋಡುತ್ತ ನಿಂತಳೋ.

ಹಾಂ, ಟಿಕೆಟ್ಟು. ಕೊಂಡರೆ ಮುಗೀಲಿಲ್ಲ,
ಹತ್ತಿದ ಕೂಡಲೇ ಮಿಷಿನ್ನಿಗೆ ತೋರಿಸು.
ನಾನು ಸೆರಗಿನ ತುದಿಗೆ ಗಂಟು ಹಾಕಿ ಜೋಪಾನ ಮಾಡಿದ್ದೆ.
ಬಿಚ್ಚಿ ತೋರಿಸಿದರೂ ದಂಡ ಬಿತ್ತು, ಮತಿಲ್ದ್ ಕಟ್ಟಿದಳು.
ಇವತ್ತಿಗೂ ಅದರ ಲೆಕ್ಕ ಹೇಳಿಲ್ಲ ಅವಳು.
ಭಾನುವಾರ ಬಾಗಿಲೆಲ್ಲ ಹಾಕಿರುತ್ತೆ, ಶನಿವಾರವೇ ಹಾಲು ತಂದಿಡು.
ಹೋಟೆಲಲ್ಲಿ ಕಾರಾಫ್ ದೋ ಅನ್ನು, ನೀರಿಗೆ ದುಡ್ಡು ಕೊಡಬೇಡ.
ಒಂದು ಪ್ಲಾಸ್ಟಿಕ್ ಚೊಂಬು ಇಟ್ಕೊ, ಯಾಕೆ ಅಂತ ಅಲ್ಲಿ ಗೊತ್ತಾಗುತ್ತೆ.

ಸಂಜೆ ಹೊತ್ತು ಬೇಜಾರಾದರೆ ನದಿ ಕಡೆ ನಡಿ.
ಎರಡು ನದಿ ಅಲ್ಲಿ, ಬೇರೆ ಬೇರೆ ಬಣ್ಣ,
ಊರಾಚೆ ಹೋಗಿ ಒಂದಾಗ್ತವೆ.
ಪಟ್ಟಣದಲ್ಲಿ ನಮ್ಮ ಕಾವೇರಿ ಎರಡಾಗಿ ಒಂದಾಗೋಳು.
ನಾನು ಕಟ್ಟೆ ಮೇಲೆ ಕೂತು ಚಕ್ಕುಲಿ ತಿಂದೆ,
ಯಾರೂ ಏನೂ ಅನ್ನಲಿಲ್ಲ.

ಸಕ್ಕರೆ ಕಾರ್ಖಾನೆ ಟ್ರೈನಿಂಗು ಮೂರು ವಾರ ಅಂದೆಯಲ್ಲ,
ಒಂದಿನ ಪುರುಸೊತ್ತು ಮಾಡಿಕೊಂಡು ಮತಿಲ್ದ್ ಮನೆಗೆ ಹೋಗು.
ನಾಲ್ಕನೇ ಮಹಡಿ, ಲಿಫ್ಟಿಲ್ಲ.
ನನ್ನ ಹಸಿರು ಹಿಡಿಯ ಕೊಡೆ ಅಲ್ಲೇ ಉಳಿದುಹೋಗಿದೆ.
ಕೇಳು. ಆದರೆ ಮೊದಲು...
ಹೂಂ, ಅದೇ.